ಬೆಳ್ಳಿಯ ಮುಗಿಲು

ಗಂಟೆಗೆ 60 ಮೈಲಿ ವೇಗದಲ್ಲಿ ಓಡುವ ಮೋಟಾರು ಕಾರಿನೊಳಗೆ ಕುಳಿತವರ ಕಿವಿಗೆ ಎಲ್ಲಕ್ಕಿಂತ ಜೋರಾಗಿ ಕೇಳಿಸುವ ಸದ್ದು ಯಾವುದು? ಎಂಜಿನಿನದಲ್ಲ, ಚಕ್ರಗಳದಲ್ಲ, ಗಾಳಿಯದೂ ಅಲ್ಲ. ಚಾಲಕನ ಎದುರಿನ ಹಲಗೆಯಲ್ಲಿ ಕೂರಿಸಿದ ವಿದ್ಯುತ್ ಗಡಿಯಾರದ್ದು! ಈ ಅರ್ಥದ ಜಾಹೀರಾತೊಂದು 1958ರಲ್ಲಿ ಅಮೆರಿಕದ ಕೆಲವೇ ಕೆಲವು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಜಾಹೀರಾತಿನ ವಿದ್ಯೆಯನ್ನು ಕಲಿಸುವ ಪಠ್ಯಪುಸ್ತಕಗಳಲ್ಲಿ ಅದು ಇಂದಿಗೂ ಉದಾಹರಣೆಯಾಗಿ ನಿಂತಿದೆ. ಆ ಕಾರಿನ ಹೆಸರು ರೋಲ್ಸ್‌ರಾಯ್ಸ್ ಸಿಲ್ವರ್ ಕ್ಲೌಡ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಬೆಳ್ಳಿಯ ಮುಗಿಲು.

ಜಾಹೀರಾತನ್ನು ಬರೆದವರು ಡೇವಿಡ್ ಓಗಿಲ್ವಿ. ಇಂಗ್ಲೆಂಡಿನಲ್ಲಿ ಹುಟ್ಟಿ, ಪ್ಯಾರಿಸಿನ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿದು, ಮನೆಯಿಂದ ಮನೆಗೆ ನಡೆದು ಒಲೆಗಳನ್ನು ಮಾರಿ, ಕೊನೆಗೆ ನ್ಯೂಯಾರ್ಕಿನಲ್ಲಿ ಸ್ವಂತ ಜಾಹೀರಾತು ಸಂಸ್ಥೆಯನ್ನು ಕಟ್ಟಿದ ಮನುಷ್ಯ. ಒಂದು ಸಾಲು ಬರೆಯುವ ಮುನ್ನ ಅವರು ಆ ಕಾರಿನ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಮೂರು ವಾರ ಕುಳಿತು ಓದಿದರಂತೆ. ಗಡಿಯಾರದ ಮಾತು ಅವರ ಸ್ವಂತ ಕಲ್ಪನೆಯಲ್ಲ. ಇಂಗ್ಲೆಂಡಿನ ಮೋಟಾರು ಪತ್ರಿಕೆಯೊಂದರ ಪರೀಕ್ಷಾ ವರದಿಯಲ್ಲಿ ಅಡಗಿದ್ದ ವಾಕ್ಯವನ್ನು ಅವರು ಹೆಕ್ಕಿ ತೆಗೆದರು. 1933ರಷ್ಟು ಹಿಂದೆಯೇ ಪಿಯರ್ಸ್ ಆರೋ ಎಂಬ ಅಮೆರಿಕದ ಕಾರಿನವರೂ ಹೆಚ್ಚುಕಡಿಮೆ ಇದೇ ಮಾತನ್ನು ಆಡಿದ್ದರು. ಆದರೆ ಓದುಗರ ಮನಸ್ಸಿನಲ್ಲಿ ಉಳಿದದ್ದು ಓಗಿಲ್ವಿಯವರ ಸಾಲು. ಚೆನ್ನಾಗಿ ಓದಿದವನೇ ಚೆನ್ನಾಗಿ ಬರೆಯುತ್ತಾನೆಂದು ಪ್ರಬಂಧ ಬರೆಯುವ ಮಕ್ಕಳಿಗೆ ನಾನು ಹೇಳುವುದುಂಟು. ಜಾಹೀರಾತು ಬರೆಯುವವರಿಗೂ ಅದು ಸಲ್ಲುತ್ತದೆ ಎಂಬುದು ಈ ಪ್ರಸಂಗದಿಂದ ತಿಳಿಯಿತು.

ಕಾರಿನ ಅಂದಿನ ಬೆಲೆ ಅಮೆರಿಕದಲ್ಲಿ 13,995 ಡಾಲರು. ಸಾಮಾನ್ಯ ಮನುಷ್ಯ ಕನಸಿನಲ್ಲಿಯೂ ಮುಟ್ಟಲಾರದ ವಸ್ತು. ಹಾಗಿದ್ದೂ ಈ ಪುಟಗಳಲ್ಲಿ ಅದರ ಕಥೆಯನ್ನು ಹೇಳಲು ಕಾರಣವಿದೆ. ಕೈಕೆಲಸವನ್ನೇ ನಂಬಿ ಬದುಕಿದ್ದ ಒಂದು ದೊಡ್ಡ ಕಸುಬು ಯಂತ್ರದ ಎದುರಿಗೆ ಬಂದು ನಿಂತ ಗಳಿಗೆಯಲ್ಲಿ ಹುಟ್ಟಿದ ಕಾರು ಇದು. ಯಾವುದನ್ನು ಯಂತ್ರಕ್ಕೆ ಒಪ್ಪಿಸಬೇಕು, ಯಾವುದನ್ನು ಕೈಯಲ್ಲಿಯೇ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಅದರ ನಿರ್ಮಾಪಕರು ತಮ್ಮದೇ ರೀತಿಯಲ್ಲಿ ಬಿಡಿಸಿದರು. ಅದರಿಂದ ಕೆಲವರು ಉಳಿದರು, ಕೆಲವರು ಅಳಿದರು.

ತೇರಿನ ಅಡಿ, ತೇರಿನ ಮುಡಿ

ನಮ್ಮ ದೇವಸ್ಥಾನಗಳ ರಥವನ್ನು ನೋಡಿದವರಿಗೆ ಹಳೆಯ ಕಾಲದ ರೋಲ್ಸ್‌ರಾಯ್ಸ್ ಅರ್ಥವಾಗುವುದು ಸುಲಭ. ರಥದಲ್ಲಿ ಎರಡು ಭಾಗ. ಕೆಳಗಿನದು ಚಕ್ರ, ಅಚ್ಚು, ಕೆತ್ತಿದ ಮರದ ಪೀಠ; ಇದು ತಲೆಮಾರುಗಳ ಕಾಲ ಹಾಗೆಯೇ ಇರುತ್ತದೆ. ಮೇಲಿನದು ಬಿದಿರು, ಬೆತ್ತ, ಬಣ್ಣದ ಪತಾಕೆಗಳ ಮುಡಿ. ಜಾತ್ರೆಯ ಹೊತ್ತಿಗೆ ಬೇರೆಯೇ ಕುಶಲಿಗಳು ಬಂದು ಅದನ್ನು ಕಟ್ಟುತ್ತಾರೆ. ಎರಡನೆಯ ಮಹಾಯುದ್ಧದವರೆಗೆ ರೋಲ್ಸ್‌ರಾಯ್ಸ್ ಕಂಪೆನಿ ತಯಾರಿಸಿ ಮಾರುತ್ತಿದ್ದುದು ತೇರಿನ ಅಡಿಯನ್ನು ಮಾತ್ರ. ಉಕ್ಕಿನ ಚೌಕಟ್ಟು, ಎಂಜಿನು, ಚಕ್ರಗಳು, ಮುಂಭಾಗದ ರೇಡಿಯೇಟರು, ಇಷ್ಟನ್ನು ಸೇರಿಸಿ ಷಾಸಿ ಎನ್ನುತ್ತಾರೆ. ಕೊಂಡವನು ಅದನ್ನು ತನಗೆ ಮೆಚ್ಚುಗೆಯಾದ ಒಡಲುಕಟ್ಟುವ ಮನೆತನಕ್ಕೆ ಕಳುಹಿಸಬೇಕು. ಅವರು ಕುದುರೆ ಸಾರೋಟುಗಳ ಕಾಲದಿಂದ ಬಂದ ಕಸುಬಿನವರು. ಆ್ಯಷ್ ಮರದ ಹಂದರ ಕಟ್ಟಿ, ಅಲ್ಯೂಮಿನಿಯಂ ತಗಡನ್ನು ಕೈಯಿಂದ ಬಡಿದು ಬಾಗಿಸಿ ಹೊದಿಸಿ, ಒಳಗೆ ಆಸನ, ಪರದೆ, ಪೆಟ್ಟಿಗೆಗಳನ್ನು ಯಜಮಾನನ ಇಷ್ಟದಂತೆ ಮಾಡಿಕೊಡುತ್ತಿದ್ದರು. ಹೀಗೆ ತಯಾರಾದ ಎರಡು ಕಾರುಗಳು ಒಂದರಂತೆ ಮತ್ತೊಂದು ಇರುತ್ತಿದ್ದುದು ಅಪರೂಪ.

ಬಾರ್ಕರ್, ಹೂಪರ್, ಮಲ್ಲಿನರ್, ಪಾರ್ಕ್ ವಾರ್ಡ್, ಜೇಮ್ಸ್ ಯಂಗ್, ಇವು ಅಂಥ ಮನೆತನಗಳ ಹೆಸರುಗಳು. 1907ರ ಪ್ರಖ್ಯಾತ ಸಿಲ್ವರ್ ಘೋಸ್ಟ್ ಕಾರಿಗೆ ಒಡಲನ್ನು ಕಟ್ಟಿದವರು ಬಾರ್ಕರ್ ಮನೆಯವರು. ಹೂಪರ್ ಮನೆಯವರು ಇಂಗ್ಲೆಂಡಿನ ಅರಮನೆಗೆ ಸಾರೋಟು ಮಾಡಿಕೊಟ್ಟವರು. ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ರೋಲ್ಸ್‌ರಾಯ್ಸ್ ಕಾರುಗಳಿದ್ದ ಕಾಲ ಈ ಕಸುಬಿನ ಹೊನ್ನಿನ ಕಾಲ.

ಯುದ್ಧ ಎಲ್ಲವನ್ನೂ ಬದಲಾಯಿಸಿತು. ಯುದ್ಧದ ಸಿದ್ಧತೆಗಾಗಿ ಸರಕಾರ 1938ರಲ್ಲಿ ಕ್ರೂ ಎಂಬ ರೈಲ್ವೆ ಪಟ್ಟಣದಲ್ಲಿ ರೋಲ್ಸ್‌ರಾಯ್ಸ್ ಆಡಳಿತದ ಹೊಸ ಕಾರ್ಖಾನೆಯೊಂದನ್ನು ಕಟ್ಟಿಸಲು ಆರಂಭಿಸಿತು. ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳಿಗೆ ಬೇಕಾದ ಮರ್ಲಿನ್ ಎಂಜಿನುಗಳು ಅಲ್ಲಿಂದ 25,000ಕ್ಕೂ ಮಿಕ್ಕಿ ಹೊರಬಂದವು. ಯುದ್ಧ ಮುಗಿದಾಗ ಕಾರಿನ ವಿಭಾಗವನ್ನು ಡರ್ಬಿಯಿಂದ ಆ ಕಾರ್ಖಾನೆಗೆ ಸಾಗಿಸಿದರು. ಆಗಿನ ಇಂಗ್ಲೆಂಡ್ ಸಾಲದಲ್ಲಿ ಮುಳುಗಿದ್ದ ದೇಶ. ಉಕ್ಕು ಪಡಿತರದ ವಸ್ತು. ಹೊರದೇಶಕ್ಕೆ ಮಾಲು ಕಳುಹಿಸುವವರಿಗೆ ಮೊದಲ ಪಾಲು. ಮರದ ಹಂದರದ ಒಡಲನ್ನು ಒಂದೊಂದಾಗಿ ಕಟ್ಟುತ್ತ ತಿಂಗಳುಗಟ್ಟಲೆ ಕಾಯುವ ಹಳೆಯ ಪದ್ಧತಿ ಇನ್ನು ನಡೆಯುವಂತಿರಲಿಲ್ಲ. ಅಂಥ ಒಡಲು ಬಿಸಿಲು ನಾಡುಗಳಲ್ಲಿ, ಕೆಟ್ಟ ರಸ್ತೆಗಳಲ್ಲಿ ಸಡಿಲಾಗಿ ಕಿರುಗುಟ್ಟುತ್ತದೆಂಬ ದೂರೂ ಇತ್ತು. ಅರ್ನೆಸ್ಟ್ ಹೈವ್ಸ್, ಡಬ್ಲ್ಯೂ. ಎ. ರೋಬಾತಮ್ ಮೊದಲಾದ ಕಂಪೆನಿಯ ಹಿರಿಯರು ಒಂದು ನಿರ್ಧಾರಕ್ಕೆ ಬಂದರು: ಒಡಲನ್ನು ಉಕ್ಕಿನ ತಗಡಿನಲ್ಲಿ, ದೊಡ್ಡ ಒತ್ತುಯಂತ್ರದ ಅಚ್ಚಿನಲ್ಲಿ ತಯಾರಿಸಬೇಕು, ಕಾರನ್ನು ಅಡಿಯಿಂದ ಮುಡಿಯವರೆಗೆ ಪೂರ್ತಿಯಾಗಿ ನಾವೇ ಕೊಡಬೇಕು.

ಹೊಸ ಪ್ರಯೋಗವನ್ನು ಅವರು ಮೊದಲು ತಮ್ಮ ಹಿರಿಯ ಹೆಸರಿನ ಮೇಲೆ ಮಾಡಲಿಲ್ಲ. 1931ರಲ್ಲಿ ಕೊಂಡುಕೊಂಡಿದ್ದ ಬೆಂಟ್ಲಿ ಎಂಬ ಹೆಸರಿನಲ್ಲಿ 1946ರಲ್ಲಿ ಮೊದಲ ಉಕ್ಕಿನ ಒಡಲಿನ ಕಾರನ್ನು ಹೊರತಂದರು. ಜನ ಒಪ್ಪಿದರು. 1949ರಲ್ಲಿ ಅದೇ ಒಡಲಿಗೆ ರೋಲ್ಸ್‌ರಾಯ್ಸ್ ಮುಖವನ್ನಿಟ್ಟು ಸಿಲ್ವರ್ ಡಾನ್ ಎಂದು ಕರೆದರು. ನೀರಿನ ಆಳವನ್ನು ಕೋಲಿನಿಂದ ನೋಡಿಕೊಂಡು ಹೊಳೆಗಿಳಿಯುವವರ ಜಾಣತನ ಇದು. ಕಡೆಗೆ 1955ರ ಏಪ್ರಿಲ್‌ನಲ್ಲಿ ಸಿಲ್ವರ್ ಕ್ಲೌಡ್ ಬಂತು. ಅದರ ಜೊತೆಗೆ ರೇಡಿಯೇಟರಿನ ಹೊರತು ಬೇರಾವ ಮುಖ್ಯ ವ್ಯತ್ಯಾಸವೂ ಇಲ್ಲದ ಬೆಂಟ್ಲಿ ಎಸ್ ಕಾರೂ ಬಂತು. ರೋಲ್ಸ್‌ರಾಯ್ಸಿನಲ್ಲಿ ಓಡಾಡಲು ಸಂಕೋಚಪಡುವವರು ಬೆಂಟ್ಲಿಯನ್ನು ಕೊಳ್ಳಬಹುದೆಂದು ಓಗಿಲ್ವಿ ಬರೆದದ್ದು ಈ ಕಾರಣದಿಂದ.

ರೂಪವನ್ನು ಕೊಟ್ಟವರು

ಸಿಲ್ವರ್ ಕ್ಲೌಡಿಗೆ ರೂಪ ಕೊಟ್ಟವರು ಜಾನ್ ಬ್ಲ್ಯಾಚ್‌ಲಿ. ಹುಟ್ಟಿದ್ದು 1913ರಲ್ಲಿ. ಬಾಲ್ಯದಲ್ಲಿ ಸಂಧಿವಾತ ಜ್ವರ ಬಂದು ಶಾಲೆಯನ್ನು ಬಿಟ್ಟು ದೀರ್ಘಕಾಲ ಮನೆಯಲ್ಲಿ ಮಲಗಬೇಕಾಯಿತು. ಆ ದಿನಗಳಲ್ಲಿ ಹುಡುಗ ಕಾರುಗಳ ಪುಟ್ಟ ಮಾದರಿಗಳನ್ನು ಮಾಡುತ್ತ ಕಾಲ ಕಳೆದ. ಆ ಆಟವೇ ಅವರ ವಿದ್ಯೆಯಾಯಿತು. ಚಿಕ್ಕ ವಯಸ್ಸಿನಲ್ಲಿಯೇ ಗರ್ನಿ ನಟಿಂಗ್ ಎಂಬ ಒಡಲುಕಟ್ಟುವ ಸಂಸ್ಥೆಯಲ್ಲಿ ಮುಖ್ಯ ವಿನ್ಯಾಸಕಾರರಾದರು. ಯುದ್ಧ ಬಂದಾಗ ರೋಲ್ಸ್‌ರಾಯ್ಸಿಗೆ ಸೇರಿ ವಿಮಾನದ ಎಂಜಿನುಗಳ ಹೊರಗವಸಿನ ವಿನ್ಯಾಸದಲ್ಲಿ ತೊಡಗಿದರು. ಯುದ್ಧಾನಂತರ ಕಾರಿನ ವಿಭಾಗಕ್ಕೆ ಬಂದರು. ಹಳೆಯ ಕಸುಬಿನ ಮನೆಯಲ್ಲಿ ಬೆಳೆದ ಮನುಷ್ಯನೇ ಅದಕ್ಕೆ ಎದುರಾಗಿ ನಿಂತ ಹೊಸ ವಿಧಾನಕ್ಕೆ ರೂಪ ಕೊಡಬೇಕಾಗಿ ಬಂದುದು ವಿಧಿಯ ಚಮತ್ಕಾರವೆನ್ನಬೇಕು.

ಅವರ ಮೊದಲ ನಕ್ಷೆ ತೀರ ಆಧುನಿಕವಾಯಿತೆಂದು ಕಂಪೆನಿಯ ಹಿರಿಯರು ಒಪ್ಪಲಿಲ್ಲ. ಅವರು ಅಲ್ಪಕಾಲದಲ್ಲಿ ಬೇರೊಂದನ್ನು ಬರೆದುಕೊಟ್ಟರು, ಅದು ಒಪ್ಪಿಗೆಯಾಯಿತು. ಮುಂದಿನ ಚಕ್ರದ ಮೇಲೆ ಏರಿದ ರೇಖೆಯೊಂದು ಬಾಗಿಲಿನುದ್ದಕ್ಕೆ ಮೆಲ್ಲನೆ ಇಳಿದು, ಹಿಂದಿನ ಚಕ್ರದ ಬಳಿ ಮತ್ತೆ ಉಬ್ಬಿ, ಬಾಲದಲ್ಲಿ ಕರಗುತ್ತದೆ. ಹದಿನೇಳೂವರೆ ಅಡಿಗೂ ಮಿಕ್ಕ ಉದ್ದ, ಎರಡು ಟನ್ನಿಗೆ ತುಸು ಕಡಿಮೆ ತೂಕ. ಆದರೂ ಚಿತ್ರದಲ್ಲಿ ನೋಡಿದವರಿಗೆ ಭಾರವೆನಿಸುವುದಿಲ್ಲ. ಅದೇ ಕಾಲದ ಅಮೆರಿಕದ ಕಾರುಗಳು ಮೀನಿನ ರೆಕ್ಕೆಗಳನ್ನೂ ಹೊಳೆಯುವ ಲೋಹದ ಪಟ್ಟಿಗಳನ್ನೂ ಹೊತ್ತು ಮೆರೆಯುತ್ತಿದ್ದಾಗ ಬ್ಲ್ಯಾಚ್‌ಲಿ ಯಾವುದನ್ನು ಬಿಡಬೇಕೆಂಬುದನ್ನು ಅರಿತಿದ್ದರು. ಅಚ್ಚಿನಿಂದ ಬಂದ ಒಡಲಿಗೆ ಕೈಯಿಂದ ಬಡಿದ ಒಡಲಿನ ಗಾಂಭೀರ್ಯವನ್ನು ತಂದದ್ದು ಅವರ ಹಿರಿಮೆ. ಅವರು 2008ರವರೆಗೆ ಬದುಕಿದ್ದರು.

ಸದ್ದಿಲ್ಲದ ಓಟದ ಗುಟ್ಟು

ಒಡಲುಗಳು ತಯಾರಾಗುತ್ತಿದ್ದುದು ಕ್ರೂ ಪಟ್ಟಣದಲ್ಲಲ್ಲ. ಆಕ್ಸ್‌ಫರ್ಡ್ ನಗರದ ಹೊರವಲಯದ ಕೌಲಿಯಲ್ಲಿ, ಪ್ರೆಸ್ಡ್ ಸ್ಟೀಲ್ ಕಂಪೆನಿಯ ಒತ್ತುಯಂತ್ರಗಳಲ್ಲಿ. ಬಾಗಿಲು, ಎಂಜಿನಿನ ಮುಚ್ಚಳ, ಹಿಂದಿನ ಪೆಟ್ಟಿಗೆಯ ಮುಚ್ಚಳಗಳು ಮಾತ್ರ ಹಗುರವಾದ ಅಲ್ಯೂಮಿನಿಯಂ ಮಿಶ್ರಲೋಹದವು. ಅಲ್ಲಿಂದ ಬಂದ ಬರಿಯ ಒಡಲನ್ನು ಕ್ರೂ ಕಾರ್ಖಾನೆಯವರು ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸುತ್ತಿದ್ದರು. ಒಡಲಿಗೂ ಚೌಕಟ್ಟಿಗೂ ನಡುವೆ ರಬ್ಬರಿನ ದಿಂಡುಗಳು. ರಸ್ತೆಯ ಕುಲುಕು, ಗಡಗಡ, ಎಂಜಿನಿನ ಕಂಪನ ಎಲ್ಲವೂ ಚೌಕಟ್ಟಿನಲ್ಲಿಯೇ ತಂಗಿ, ಮೇಲೆ ಕುಳಿತವರನ್ನು ಮುಟ್ಟುತ್ತಿದ್ದುದು ಅತ್ಯಲ್ಪ. ಜಾಹೀರಾತಿನ ಗಡಿಯಾರ ಕೇಳಿಸಿದ್ದು ಇದರಿಂದ.

ಎಂಜಿನು ಆರು ಸಿಲಿಂಡರುಗಳದು. ಗಾತ್ರ 4,887 ಘನ ಸೆಂಟಿಮೀಟರು. ಅದರ ಅಶ್ವಶಕ್ತಿ ಎಷ್ಟೆಂದು ಕಂಪೆನಿ ಹೇಳುತ್ತಿರಲಿಲ್ಲ. ಕೇಳಿದವರಿಗೆ ಸಿಗುತ್ತಿದ್ದ ಉತ್ತರ, ಸಾಕಷ್ಟಿದೆ ಎಂದು! ಗಂಟೆಗೆ 100 ಮೈಲಿಯ ಗೆರೆಯನ್ನು ದಾಟುವಷ್ಟು ಇತ್ತೆಂಬುದು ಪರೀಕ್ಷಿಸಿದವರ ಮಾತು. ಲೀಟರಿಗೆ ನಾಲ್ಕೈದು ಕಿಲೋಮೀಟರು ಮಾತ್ರ ಓಡುತ್ತಿತ್ತೆಂಬುದನ್ನು ಹೆಮ್ಮೆಯಿಂದ ಯಾರೂ ಹೇಳಿಕೊಂಡಂತಿಲ್ಲ. ಕಾರಿಗೆ ಜೋಡಿಸುವ ಮೊದಲು ಪ್ರತಿಯೊಂದು ಎಂಜಿನನ್ನೂ ಏಳು ಗಂಟೆಗಳ ಕಾಲ ಪೂರ್ಣ ವೇಗದಲ್ಲಿ ಓಡಿಸಿ ನೋಡುತ್ತಿದ್ದರು. ತಯಾರಾದ ಕಾರಿನ ಹಿಂದಿನ ಅಚ್ಚಿನಲ್ಲಿ ಎಲ್ಲಾದರೂ ಸಣ್ಣ ಕೊರೆತದ ಸದ್ದಿದೆಯೇ ಎಂದು ವೈದ್ಯರ ಸ್ಟೆತಾಸ್ಕೋಪನ್ನಿಟ್ಟು ಆಲಿಸುತ್ತಿದ್ದರು.

ಗೇರು ಬದಲಾಯಿಸುವ ಕೆಲಸ ಚಾಲಕನಿಗಿಲ್ಲ. ಈ ಸ್ವಯಂಚಾಲಿತ ಗೇರುಪೆಟ್ಟಿಗೆ ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯ ವಿನ್ಯಾಸ. ಅನುಮತಿ ಪಡೆದು ಕ್ರೂವಿನಲ್ಲಿ ತಯಾರಿಸುತ್ತಿದ್ದರು. ಮೋಟಾರು ಮಂದಿಯ ನಡುವೆ ಒಂದು ಕಥೆಯಿದೆ. ಅಮೆರಿಕದವರು ಒರಟಾಗಿ ಬಿಟ್ಟಿದ್ದ ಒಂದು ಬಿಡಿಭಾಗವನ್ನು ಇಂಗ್ಲೆಂಡಿನ ಎಂಜಿನಿಯರರು ಸಹಿಸಲಾರದೆ ಕನ್ನಡಿಯಂತೆ ನಯಗೊಳಿಸಿದರಂತೆ; ಪೆಟ್ಟಿಗೆ ಕೆಲಸ ಮಾಡುವುದನ್ನೇ ನಿಲ್ಲಿಸಿತಂತೆ; ಮತ್ತೆ ಒರಟಾಗಿ ಮಾಡಿದ ಮೇಲೆ ಸರಿಹೋಯಿತಂತೆ. ಕಥೆಯಾದರೂ ಆ ಕಾರ್ಖಾನೆಯ ಸ್ವಭಾವವನ್ನು ಚೆನ್ನಾಗಿ ಹಿಡಿದಿದೆ.

ಬ್ರೇಕಿನ ವ್ಯವಸ್ಥೆಯನ್ನು ತುಸು ಬಿಡಿಸಿ ಹೇಳಬೇಕು. ಘರ್ಷಣೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಎರಡು ಟನ್ನಿನ ಭಾರವನ್ನು ಒಬ್ಬ ವೃದ್ಧ ಚಾಲಕನ ಪಾದದ ಒತ್ತಡದಿಂದ ನಿಲ್ಲಿಸಬೇಕು. ಗೇರುಪೆಟ್ಟಿಗೆಯ ಪಕ್ಕದಲ್ಲಿ ಒಂದು ತಟ್ಟೆ; ಕಾರು ಚಲಿಸುವಷ್ಟು ಹೊತ್ತೂ ಅದು ತಿರುಗುತ್ತಿರುತ್ತದೆ. ಪೆಡಲನ್ನು ಒತ್ತಿದಾಗ ಇನ್ನೊಂದು ತಟ್ಟೆ ಅದಕ್ಕೆ ಒತ್ತಿಕೊಳ್ಳುತ್ತದೆ. ಘರ್ಷಣೆಯಿಂದ ಎರಡನೆಯದೂ ಜೊತೆಯಲ್ಲಿ ತಿರುಗಲು ಹವಣಿಸುತ್ತದೆ. ಆ ಹವಣಿಕೆಯ ಸೆಳೆತವೇ ಸನ್ನೆಕೋಲುಗಳ ಮೂಲಕ ಹಾಯ್ದು ನಾಲ್ಕು ಚಕ್ರಗಳ ಬ್ರೇಕುಗಳನ್ನು ಬಲವಾಗಿ ಬಿಗಿಯುತ್ತದೆ. ಎಂದರೆ ಓಟದ ಬಲವೇ ಓಟವನ್ನು ತಡೆಯುತ್ತದೆ! ಇದು ಮೂಲತಃ ಹಿಸ್ಪಾನೊ ಸುಯಿಜಾ ಕಂಪೆನಿಯ ಮಾರ್ಕ್ ಬಿರ್ಕಿಗ್ಟ್ ಎಂಬ ಸ್ವಿಸ್ ಎಂಜಿನಿಯರರ ಉಪಾಯ. ರೋಲ್ಸ್‌ರಾಯ್ಸ್ 1924ರಲ್ಲಿ ಅದನ್ನು ಸ್ವೀಕರಿಸಿ, ಮೂವತ್ತು ವರ್ಷಗಳ ಅನಂತರ ಸಿಲ್ವರ್ ಕ್ಲೌಡಿನಲ್ಲಿಯೂ ಉಳಿಸಿಕೊಂಡಿತು. ಬೇರೆಯವರ ಒಳ್ಳೆಯದನ್ನು ತೆಗೆದುಕೊಳ್ಳಲು ನಾಚದೆ, ತೆಗೆದುಕೊಂಡುದನ್ನು ಬಿಡಲು ಅವಸರಪಡದೆ ಇರುವುದು ಆ ಮನೆಯ ರೀತಿ.

ಮೊದಲ ಸಿಲ್ವರ್ ಕ್ಲೌಡುಗಳಲ್ಲಿ ಮತ್ತೊಂದು ಪೆಡಲಿತ್ತು. ಚಾಲಕ ಅದನ್ನು ಆಗಾಗ ಒಮ್ಮೆ ತುಳಿದರೆ ಅಡಿಯ ಚೌಕಟ್ಟಿನ ಕೀಲುಗಳಿಗೆಲ್ಲ ಸಣ್ಣ ಕೊಳವೆಗಳಲ್ಲಿ ಎಣ್ಣೆ ಹರಿಯುತ್ತಿತ್ತು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಲು ಗಾಡಿಯಿಂದ ಇಳಿಯಲೇಬೇಕಾಗಿದ್ದ ನಮ್ಮ ಹಿರಿಯರು ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದರು.

ಇನ್ನು ಕೈಯಲ್ಲಿಯೇ ಉಳಿಸಿಕೊಂಡ ಕೆಲಸಗಳು. ಗ್ರೀಕ್ ದೇವಾಲಯದ ಮುಖದಂತೆ ಕಾಣುವ ರೇಡಿಯೇಟರಿನ ಹೊರಕವಚವನ್ನು ತಗಡು ಬೆಸೆಯುವ ನುರಿತ ಕೆಲಸಗಾರರು ಕೈಯಿಂದ ಬೆಸೆಯುತ್ತಿದ್ದರು. ಅದರ ಮೇಲ್ಮೈ ನೇರವಾಗಿ ಕಾಣುತ್ತದೆ, ಆದರೆ ನೇರವಿಲ್ಲ. ನಿಜವಾಗಿ ಚಪ್ಪಟೆಯಾದುದು ಕಣ್ಣಿಗೆ ಒಳಕ್ಕೆ ಕುಸಿದಂತೆ ತೋರುವುದರಿಂದ, ಗ್ರೀಕರ ಕಂಬಗಳಂತೆ ಅದಕ್ಕೂ ಕಂಡೂ ಕಾಣದ ಉಬ್ಬನ್ನು ಕೊಡುತ್ತಿದ್ದರು. ಅದರ ಅಳತೆ ಕಣ್ಣಿನದು. ಅದರ ಮೇಲೆ ನಿಂತ, ಗಾಳಿಗೆ ಬಟ್ಟೆ ಬೀಸಿ ಮುಂದಕ್ಕೆ ಬಾಗಿದ ಹೆಣ್ಣಿನ ಮೂರ್ತಿ ಚಾರ್ಲ್ಸ್ ಸೈಕ್ಸ್ ಎಂಬ ಶಿಲ್ಪಿಯ 1911ರ ಕೃತಿ.

ಒಳಗಿನ ಹಲಗೆಗಳಿಗೆ ಆಕ್ರೋಟದ ಮರ. ಒಂದೇ ತುಂಡಿನಿಂದ ಕಾಗದದಷ್ಟು ತೆಳ್ಳಗೆ ಸೀಳಿದ ಎರಡು ಪದರಗಳನ್ನು ಪುಸ್ತಕದ ಎರಡು ಪುಟಗಳಂತೆ ಬಿಡಿಸಿ ಅಂಟಿಸುವುದರಿಂದ ಎಡಬದಿಯ ಮರದ ಗೆರೆ ಬಲಬದಿಯಲ್ಲಿ ಕನ್ನಡಿಯ ಬಿಂಬದಂತೆ ಕಾಣುತ್ತದೆ. ಬಣ್ಣದ ವಿಷಯವಂತೂ ಬೇರೆಯೇ. ಐದು ಸಲ ಅಡಿಬಣ್ಣ. ಪ್ರತಿಸಲವೂ ಕೈಯಿಂದ ಉಜ್ಜಿ ನಯಗೊಳಿಸುವುದು. ಆಮೇಲೆ ಒಂಬತ್ತು ಸಲ ಮೇಲುಬಣ್ಣ. ಎದುರಿನ ಹಲಗೆಯಡಿಯಿಂದ ಎಳೆದುಕೊಳ್ಳುವ ಒಂದು ಊಟದ ಮಣೆ, ಹಿಂದಿನ ಗಾಜಿನ ಮಂಜನ್ನು ಕರಗಿಸಲು ಗಾಜಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಗಳ ಜಾಲ. ಇವೂ ಸಾಲದೆನಿಸಿದವರು ಹೆಚ್ಚಿನ ಹಣ ಕೊಟ್ಟು ಕಾಫಿ ಮಾಡುವ ಯಂತ್ರ, ಹಾಸಿಗೆ, ಕೈಮುಖ ತೊಳೆಯಲು ಬಿಸಿನೀರು ತಣ್ಣೀರು, ಗಡ್ಡ ಹೆರೆಯುವ ವಿದ್ಯುತ್ ಕ್ಷೌರಯಂತ್ರ ಇವನ್ನೂ ಪಡೆಯಬಹುದಾಗಿತ್ತು. ಮನೆ ಬಿಟ್ಟು ಕಾರಿನಲ್ಲಿಯೇ ಸಂಸಾರ ಹೂಡುವವರಿಗೆ ಇಷ್ಟು ಸಾಕು!

ಬಡನಂಟನ ಮಾತು

ಕೌಲಿಯ ಹೆಸರನ್ನು ಮೇಲೆ ಹೇಳಿದೆ. ಆ ಊರಿನೊಡನೆ ನಮಗೂ ಒಂದು ನಂಟಿದೆ. ಮೋರಿಸ್ ಕಂಪೆನಿಯ ಕಾರ್ಖಾನೆ ಇದ್ದುದು ಅದೇ ಕೌಲಿಯಲ್ಲಿ. ಅವರ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯೇ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಅಂಬಾಸಡರ್ ಎಂಬ ಹೆಸರಿನಿಂದ ಮರುಹುಟ್ಟು ಪಡೆಯಿತು. ಸ್ವಾತಂತ್ರ್ಯಾನಂತರ ಹೊರದೇಶದ ಕಾರುಗಳ ಆಮದಿಗೆ ಕಟ್ಟುನಿಟ್ಟಾದ ನಿರ್ಬಂಧವಿದ್ದುದರಿಂದ ಸಿಲ್ವರ್ ಕ್ಲೌಡ್ ನಮ್ಮ ನೆಲಕ್ಕೆ ಬಂದುದು ತೀರ ವಿರಳ. ಅಂಬಾಸಡರ್ ಮಾತ್ರ 2014ರವರೆಗೆ ತಯಾರಾಯಿತು. ಗಡಿಯ ಈಚೆಗಾಗಲಿ ಆಚೆಗಾಗಲಿ ಜಿಲ್ಲಾಧಿಕಾರಿಗಳಿಂದ ಹಿಡಿದು ಮದುವೆಯ ದಿಬ್ಬಣದವರೆಗೆ ಅದನ್ನು ಏರದವರಿಲ್ಲ.

ಇಲ್ಲೊಂದು ಸ್ವಾರಸ್ಯ. ಅಂಬಾಸಡರಿಗೆ ಬೇರೆಯಾದ ಷಾಸಿ ಇಲ್ಲ. ಒಡಲೇ ಚೌಕಟ್ಟು, ಚೌಕಟ್ಟೇ ಒಡಲು. ಮೊಟ್ಟೆಯ ಚಿಪ್ಪಿನಂತೆ ಇಡಿಯ ಕವಚವೇ ಭಾರವನ್ನು ಹೊರುತ್ತದೆ. ಮೋರಿಸಿನವರು 1948ರಿಂದ ಆಕ್ಸ್‌ಫರ್ಡ್ ಕಾರನ್ನು ಹೀಗೆಯೇ ಕಟ್ಟುತ್ತಿದ್ದರು. ರೋಲ್ಸ್‌ರಾಯ್ಸ್ ಈ ವಿಧಾನಕ್ಕೆ ಬಂದದ್ದು 1965ರಲ್ಲಿ. ಎಂದ ಮೇಲೆ ನಮ್ಮ ಬಸ್ ನಿಲ್ದಾಣದ ಬಳಿ ಬಾಡಿಗೆಗೆ ನಿಂತಿರುತ್ತಿದ್ದ ಅಂಬಾಸಡರ್, ಕಟ್ಟಡದ ಕ್ರಮದಲ್ಲಿ, ಪ್ರಪಂಚದ ಅತ್ಯುತ್ತಮ ಕಾರೆಂದು ಹೊಗಳಿಸಿಕೊಂಡ ಸಿಲ್ವರ್ ಕ್ಲೌಡಿಗಿಂತ ಹೊಸಬ! ನನ್ನ ಏಳನೆಯ ತರಗತಿಯ ಹುಡುಗರಿಗೆ ಇದನ್ನು ಹೇಳಿದಾಗ ಅವರಲ್ಲೊಬ್ಬ, ಹಾಗಾದರೆ ಅದರೊಳಗೆ ಅಷ್ಟು ಸದ್ದೇಕೆ ಸಾರ್ ಎಂದು ಕೇಳಿದ. ಪ್ರಶ್ನೆ ಸರಿಯಾದುದು. ಹೊಸ ವಿಧಾನದಲ್ಲಿ ಒಡಲಿಗೂ ಚಕ್ರಕ್ಕೂ ನಡುವಿನ ತಡೆ ಕಡಿಮೆ. ಸದ್ದನ್ನು ತಡೆಯುವುದು ಕಷ್ಟ. ರೋಲ್ಸ್‌ರಾಯ್ಸಿನವರು ಅಷ್ಟು ವರ್ಷ ಹಿಂಜರಿದುದಕ್ಕೆ ಇದೂ ಒಂದು ಕಾರಣ.

ಅಳಿದವರು

ಒತ್ತುಯಂತ್ರದ ಒಡಲು ಬಂದಾಗ ಹಳೆಯ ಕಸುಬಿನ ಮನೆಗಳಿಗೆ ಬಾಗಿಲನ್ನು ಒಮ್ಮೆಲೇ ಮುಚ್ಚಲಿಲ್ಲ. ಸಿಲ್ವರ್ ಕ್ಲೌಡಿಗೆ ಬೇರೆಯಾದ ಷಾಸಿ ಇದ್ದುದರಿಂದ, ಬೇಕೆಂದವರು ಅದನ್ನು ಮಾತ್ರ ಕೊಂಡು ಮಲ್ಲಿನರ್ ಅಥವಾ ಜೇಮ್ಸ್ ಯಂಗ್ ಮನೆಗೆ ಕಳುಹಿಸಬಹುದಾಗಿತ್ತು. ಕೆಲವರು ಕಳುಹಿಸಿದರು ಕೂಡ. ಅಂಥ ಒಡಲುಗಳು ಇಂದು ಬಹಳ ಬೆಲೆಬಾಳುತ್ತವೆ. ಆದರೆ ಕಾರ್ಖಾನೆಯ ಒಡಲೇ ಇಷ್ಟು ಚೆನ್ನಾಗಿರುವಾಗ, ಅದಕ್ಕಿಂತ ಬಹಳ ಹೆಚ್ಚು ಹಣವನ್ನು ಕೊಟ್ಟು ತಿಂಗಳುಗಟ್ಟಲೆ ಕಾಯುವವರು ಎಷ್ಟು ಮಂದಿ? ಕೆಟ್ಟ ಒಡಲಾಗಿದ್ದರೆ ಹಳಬರು ಗೆಲ್ಲುತ್ತಿದ್ದರು. ಬ್ಲ್ಯಾಚ್‌ಲಿಯವರ ಯಶಸ್ಸೇ ಅವರಿಗೆ ಮುಳುವಾಯಿತು. ಫ್ರೀಸ್ಟೋನ್ ಅಂಡ್ ವೆಬ್ 1958ರಲ್ಲಿ ನಿಂತಿತು. ಒಂದೂವರೆ ಶತಮಾನ ಬಾಳಿದ ಹೂಪರ್ ಮನೆ 1959ರಲ್ಲಿ ಒಡಲು ಕಟ್ಟುವುದನ್ನು ನಿಲ್ಲಿಸಿತು. ಅದೇ ವರ್ಷ ಎಚ್. ಜೆ. ಮಲ್ಲಿನರ್ ಸಂಸ್ಥೆಯನ್ನು ರೋಲ್ಸ್‌ರಾಯ್ಸ್ ಕೊಂಡುಕೊಂಡು, 1961ರಲ್ಲಿ ತನ್ನದೇ ಆಗಿದ್ದ ಪಾರ್ಕ್ ವಾರ್ಡ್‌ನೊಡನೆ ಒಂದುಗೂಡಿಸಿತು. ಜೇಮ್ಸ್ ಯಂಗ್ ಮನೆಯವರು ಇನ್ನೂ ಕೆಲವು ವರ್ಷ ಹೆಣಗಿ ಕೈಚೆಲ್ಲಿದರು.

ಯಂತ್ರ ಬಂದರೆ ಕಸುಬು ಸಾಯುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವವರಿದ್ದಾರೆ. ಇಲ್ಲಿ ನಡೆದುದು ಅಷ್ಟು ಸರಳವಲ್ಲ. ಮರಗೆಲಸ, ಚರ್ಮದ ಕೆಲಸ, ಬಣ್ಣದ ಕೆಲಸ, ತಗಡಿನ ಬೆಸುಗೆ ಇವು ಕ್ರೂವಿನಲ್ಲಿ ಉಳಿದವು; ಸಾವಿರಾರು ಕುಟುಂಬಗಳು ಅದರಿಂದ ಬದುಕಿದವು. ಹಳೆಯ ಪದ್ಧತಿಗೆ ಅಂಟಿಕೊಂಡಿದ್ದರೆ ಕಂಪೆನಿಯ ಕಾರಿನ ವಿಭಾಗವೇ ಉಳಿಯುತ್ತಿತ್ತೆಂದು ನನಗೆ ತೋರುವುದಿಲ್ಲ. ಆದರೆ ಹಂದರ ಕಟ್ಟಿ, ತಗಡು ಬಡಿದು, ಒಂದು ಕಾರಿಗೆ ಪೂರ್ತಿಯಾಗಿ ತನ್ನ ಮನಸ್ಸಿನ ರೂಪವನ್ನು ಕೊಡುತ್ತಿದ್ದ ಕುಶಲಿ, ಇನ್ನು ಮುಂದೆ ಬೇರೆಯವರು ನಿಶ್ಚಯಿಸಿದ ರೂಪಕ್ಕೆ ನಯವನ್ನು ಕೊಡುವವನಾದ. ಕೂಲಿ ಉಳಿಯಿತು, ಯಜಮಾನಿಕೆ ಹೋಯಿತು. ನಮ್ಮ ಕೈಮಗ್ಗದ ಊರುಗಳಲ್ಲಿ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ.

ಎರಡನೆಯದು, ಮೂರನೆಯದು, ಆಮೇಲೆ

1959ರಲ್ಲಿ ಸಿಲ್ವರ್ ಕ್ಲೌಡಿನ ಎರಡನೆಯ ಮಾದರಿ ಬಂತು. ಹೊರನೋಟದಲ್ಲಿ ಬದಲಾವಣೆಯಿಲ್ಲ, ಎಂಜಿನು ಹೊಸದು. ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದ, ಎಂಟು ಸಿಲಿಂಡರುಗಳು ನಾಲ್ಕುನಾಲ್ಕಾಗಿ ವಿ ಆಕಾರದಲ್ಲಿ ನಿಂತ, 6,230 ಘನ ಸೆಂಟಿಮೀಟರಿನ ಯಂತ್ರ. ಬಲ ಹೆಚ್ಚಿತು. ಹಳೆಯ ಆರು ಸಿಲಿಂಡರಿನ ಮೌನ ಇದಕ್ಕಿಲ್ಲವೆಂದು ಹಳಬರು ಗೊಣಗಿದರು; ಆ ಗೊಣಗಾಟದಲ್ಲಿ ಸತ್ಯವಿತ್ತು. ಇನ್ನೊಂದು ತೊಂದರೆ ಕೆಲಸಗಾರರದು. ಎಂಜಿನಿನ ಸ್ಪಾರ್ಕ್ ಪ್ಲಗ್ಗುಗಳನ್ನು ಮೇಲಿನಿಂದ ಮುಟ್ಟುವಂತಿಲ್ಲ. ಮುಂದಿನ ಚಕ್ರವನ್ನು ಕಳಚಿ, ಅದರ ಹಿಂದಿನ ತಗಡಿನ ಮುಚ್ಚಳವನ್ನು ತೆಗೆದು, ಬದಿಯಿಂದ ಕೈ ತೂರಿಸಬೇಕು! ಕೊಂಡ ಶ್ರೀಮಂತರು ಅದನ್ನು ಎಂದೂ ಅರಿಯಲಿಲ್ಲ. ರಿಪೇರಿ ಮಾಡಿದವರು ಮರೆತಿರಲಾರರು.

1962ರ ಮೂರನೆಯ ಮಾದರಿಯಲ್ಲಿ ಎರಡು ದೀಪಗಳ ಜಾಗದಲ್ಲಿ ಜೋಡಿ ಜೋಡಿಯಾಗಿ ನಾಲ್ಕು ದೀಪಗಳು ಬಂದವು. ಮೂಗು ತುಸು ತಗ್ಗಿತು. 1965ರಲ್ಲಿ ಷಾಸಿಯಿಲ್ಲದ ಸಿಲ್ವರ್ ಷಾಡೋ ಹುಟ್ಟಿತು. ಅದಕ್ಕೆ ಸಿಲ್ವರ್ ಮಿಸ್ಟ್, ಅಂದರೆ ಬೆಳ್ಳಿಯ ಮಂಜು, ಎಂದು ಹೆಸರಿಡುವ ಯೋಚನೆಯಿತ್ತಂತೆ. ಜರ್ಮನ್ ಭಾಷೆಯಲ್ಲಿ ಮಿಸ್ಟ್ ಎಂದರೆ ಸೆಗಣಿಗೊಬ್ಬರವೆಂದು ಯಾರೋ ಎಚ್ಚರಿಸಿದ ಮೇಲೆ ಕೈಬಿಟ್ಟರಂತೆ. ಎರಡು ಮೂರು ಭಾಷೆಗಳ ನಡುವೆ ಬಾಳುವ ನಮ್ಮಂಥವರಿಗೆ ಇಂಥ ಪೇಚು ಹೊಸದಲ್ಲ.

ಮೂರು ಮಾದರಿಗಳೂ ಸೇರಿ ಏಳು ಸಾವಿರಕ್ಕೂ ಮಿಕ್ಕಿ ಸಿಲ್ವರ್ ಕ್ಲೌಡುಗಳು ತಯಾರಾದವು. ಕಂಪೆನಿಯ ಮುಂದಿನ ಕಥೆ ಕಹಿಯಾದುದು. ವಿಮಾನದ ಹೊಸ ಜೆಟ್ ಎಂಜಿನೊಂದರ ಖರ್ಚಿನ ಭಾರಕ್ಕೆ ಅದು 1971ರ ಫೆಬ್ರವರಿಯಲ್ಲಿ ದಿವಾಳಿಯೆದ್ದಿತು. ಕಾರಿನ ವಿಭಾಗ ಬೇರೆಯಾಯಿತು, ಕೈಯಿಂದ ಕೈಗೆ ದಾಟಿತು. 1998ರಲ್ಲಿ ಜರ್ಮನಿಯ ಎರಡು ಕಂಪೆನಿಗಳ ನಡುವೆ ಆಸ್ತಿ ಪಾಲಾಯಿತು: ಕ್ರೂ ಕಾರ್ಖಾನೆ, ಬೆಂಟ್ಲಿ ಹೆಸರು ಫೋಕ್ಸ್‌ವಾಗನ್ನಿಗೆ, ರೋಲ್ಸ್‌ರಾಯ್ಸ್ ಎಂಬ ಹೆಸರು ಬಿಎಂಡಬ್ಲ್ಯೂಗೆ. ಒಬ್ಬನಿಗೆ ಮನೆ, ಇನ್ನೊಬ್ಬನಿಗೆ ಮನೆಯ ಹೆಸರು! 2003ರಿಂದ ರೋಲ್ಸ್‌ರಾಯ್ಸ್ ಕಾರುಗಳು ದಕ್ಷಿಣ ಇಂಗ್ಲೆಂಡಿನ ಗುಡ್‌ವುಡ್ಡಿನಲ್ಲಿ ತಯಾರಾಗುತ್ತಿವೆ. ಹಳಬರು ಗೊಣಗಿದ 1959ರ ಆ ಎಂಟು ಸಿಲಿಂಡರಿನ ಎಂಜಿನು ಮಾತ್ರ ತಿದ್ದುಪಾಟುಗಳೊಡನೆ ಕ್ರೂವಿನಲ್ಲಿಯೇ ಬೆಂಟ್ಲಿ ಕಾರುಗಳಿಗಾಗಿ 2020ರವರೆಗೆ ಹುಟ್ಟುತ್ತಲೇ ಇತ್ತು. ಒಂದು ಯಂತ್ರ 61 ವರ್ಷ ತಯಾರಿಕೆಯಲ್ಲಿರುವುದು ಮೋಟಾರಿನ ಪ್ರಪಂಚದಲ್ಲಿ ಸಣ್ಣ ಮಾತಲ್ಲ.

ಸಿಲ್ವರ್ ಕ್ಲೌಡುಗಳು ಈಗ ಹೆಚ್ಚಾಗಿ ಇಂಗ್ಲೆಂಡಿನ ಮದುವೆಗಳಲ್ಲಿ ಬಿಳಿಯ ಪಟ್ಟಿ ಕಟ್ಟಿಸಿಕೊಂಡು ಬಾಡಿಗೆಗೆ ಓಡುತ್ತವೆ. ಉಳಿದವು ಆಸಕ್ತರ ಕೊಟ್ಟಿಗೆಗಳಲ್ಲಿ. ಅವುಗಳಿಗೆ ಈಗಿನ ಶತ್ರು ತುಕ್ಕು. ಅಚ್ಚಿನಲ್ಲಿ ಒತ್ತಿದ ಉಕ್ಕಿನ ಒಡಲು ಬಾಗಿಲಿನಡಿಯಲ್ಲಿ, ಚಕ್ರದ ಬಳಿಯಲ್ಲಿ ತುಕ್ಕು ಹಿಡಿಯುತ್ತದೆ. ಅದನ್ನು ಕತ್ತರಿಸಿ ತೆಗೆದು ಹೊಸ ತಗಡನ್ನು ಕೈಯಿಂದ ಬಡಿದು ಜೋಡಿಸಲು ಹಳೆಯ ಒಡಲುಕಟ್ಟುವವರ ವಿದ್ಯೆಯೇ ಬೇಕು. ಅದನ್ನು ಬಲ್ಲವರು ಅಲ್ಲಲ್ಲಿ ಸಣ್ಣ ಅಂಗಡಿಗಳನ್ನಿಟ್ಟು ಚೆನ್ನಾಗಿಯೇ ಸಂಪಾದಿಸುತ್ತಾರೆ. ನಾರ್ಥಾಂಪ್ಟನ್‌ಷೈರಿನ ಪಾಲರ್ಸ್‌ಪರಿ ಎಂಬ ಹಳ್ಳಿಯ ಹಂಟ್ ಹೌಸ್‌ನಲ್ಲಿ ರೋಲ್ಸ್‌ರಾಯ್ಸ್ ಪ್ರಿಯರ ಸಂಘವಿದೆ. ಕಾರ್ಖಾನೆಯಿಂದ ಹೊರಬಿದ್ದ ಹಳೆಯ ಕಾರುಗಳ ದಾಖಲೆಗಳು ಷಾಸಿಯ ಸಂಖ್ಯೆಯ ಕ್ರಮದಲ್ಲಿ ಅಲ್ಲಿವೆ: ಮೊದಲು ಕೊಂಡವರು ಯಾರು, ಒಡಲು ಯಾರದು, ಬಣ್ಣ ಯಾವುದು, ಹೆಚ್ಚಿನದಾಗಿ ಏನೇನು ಕೇಳಿದರು ಎಂದು. ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರಿನ ಹಾಗೆ. ಅರುವತ್ತು ವರ್ಷಗಳ ಅನಂತರ ಒಬ್ಬಾತ ಬಂದು ತನ್ನ ಕಾರಿನ ಸಂಖ್ಯೆಯನ್ನು ಹೇಳಿದರೆ, ಕಾಗದಗಳನ್ನು ತೆಗೆದು ತೋರಿಸುತ್ತಾರೆ.